ಬೋರಿಬಂದರಿನ ಹುಲಿ ಯಾರದು? ಯುದ್ಧಕಾಲದ ಅಚ್ಚುಚಿತ್ರಗಳಲ್ಲಿ ರಾಷ್ಟ್ರದ ಗುರುತುಗಳು

ಡೊಂಬಿವಲಿ ಪ್ರಯಾಣಿಕ ಬರೆದಿದ್ದಾರೆ:

ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಮುಂಬಯಿಯ ಬೋರಿಬಂದರ್ (ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದ ಹೆಬ್ಬಾಗಿಲಿನ ಎರಡು ಕಂಬಗಳ ಮೇಲೆ ಒಂದು ಸಿಂಹವೂ ಒಂದು ಹುಲಿಯೂ ಕುಳಿತಿರುವುದನ್ನು ನಿಮ್ಮಲ್ಲಿ ಬಹಳ ಮಂದಿ ಕಂಡಿರುತ್ತೀರಿ. ಇಪ್ಪತ್ತಾರು ವರ್ಷ ಅದೇ ನಿಲ್ದಾಣದಲ್ಲಿ ಇಳಿದು ಕಚೇರಿಗೆ ನಡೆದ ನಾನು ಅವುಗಳನ್ನು ತಲೆಯೆತ್ತಿ ನೋಡಿದ್ದು ನಿವೃತ್ತಿಯ ನಂತರ, ಮೊಮ್ಮಗಳ ಕೈಹಿಡಿದು ಅಲ್ಲಿ ನಿಂತಾಗ. ಸಿಂಹ ಬ್ರಿಟನ್ನಿನ ಗುರುತು, ಹುಲಿ ಭಾರತದ ಗುರುತು ಎಂದು ನಾನು ಹೇಳಿದೆ. "ಹುಲಿಯನ್ನು ನಮಗೆ ಕೊಟ್ಟವರು ಯಾರು, ಅಜ್ಜ?" ಎಂದು ಅವಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆಯನ್ನು ನಿಮ್ಮ ಮುಂದಿಡಲು ಇನ್ನೊಂದು ಕಾರಣವೂ ಇದೆ. ಚೋರ್ ಬಜಾರಿನ ಒಂದು ಅಂಗಡಿಯಲ್ಲಿ ನಾನು ಹಳೆಯ ಅಚ್ಚುಚಿತ್ರವೊಂದನ್ನು ಕೊಂಡೆ. 1857ರ ಆಗಸ್ಟ್ 22ರ ಪಂಚ್ ಎಂಬ ಲಂಡನ್ನಿನ ಹಾಸ್ಯಪತ್ರಿಕೆಗೆ ಜಾನ್ ಟೆನಿಯಲ್ ಬರೆದ ಚಿತ್ರ ಅದು. ಬ್ರಿಟಿಷ್ ಸಿಂಹ ಬಂಗಾಳದ ಹುಲಿಯ ಮೇಲೆ ಎರಗುತ್ತಿದೆ. ಹುಲಿಯ ಕಾಲಡಿಯಲ್ಲಿ ಒಬ್ಬ ಬಿಳಿಯ ಹೆಂಗಸು ಮತ್ತು ಒಂದು ಮಗು ಬಿದ್ದಿದ್ದಾರೆ. ಸಿಪಾಯಿ ದಂಗೆಯ ಸುದ್ದಿ ಲಂಡನ್ನಿಗೆ ಮುಟ್ಟಿ, ಅಲ್ಲಿನ ಹತ್ಯೆಗಳ ಮಾತು ಮನೆಮನೆಯಲ್ಲಿದ್ದ ದಿನಗಳಲ್ಲಿ ಅಚ್ಚಾದ ಚಿತ್ರ. ಅದಾದ ಮೂವತ್ತೇ ವರ್ಷಗಳಲ್ಲಿ, ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಕಟ್ಟಿದ ನಿಲ್ದಾಣದ ಬಾಗಿಲಲ್ಲಿ ಅವೇ ಎರಡು ಪ್ರಾಣಿಗಳು ಸಮನಾದ ಎತ್ತರದಲ್ಲಿ, ಜಗಳವಿಲ್ಲದೆ ಕುಳಿತಿವೆ. ಕೊಲ್ಲಬೇಕಾದ ಮೃಗ ಬಾಗಿಲು ಕಾಯುವ ಮೃಗವಾದದ್ದು ಹೇಗೆ? ಯುದ್ಧದ ಕಾಲದಲ್ಲಿ ಜನರ ಕೈಗೆ ತಲುಪಿದ ಚಿತ್ರಗಳಲ್ಲಿ ರಾಷ್ಟ್ರವೆಂಬುದನ್ನು ಹೇಗೆ ತೋರಿಸಿದರು ಎಂಬುದರ ಬಗ್ಗೆ ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಮಂಡ್ಯದವನು, ಈಗ ಥಾಣೆ ಬರೆದಿದ್ದಾರೆ:

ಡೊಂಬಿವಲಿಯ ಹಿರಿಯರೇ, ನಿಮ್ಮ ಮೊಮ್ಮಗಳ ಪ್ರಶ್ನೆಗೆ ಉತ್ತರ ಮುಂಬಯಿಯಲ್ಲಿಯೂ ಬಂಗಾಳದಲ್ಲಿಯೂ ಇಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಟಿಪ್ಪು ಸುಲ್ತಾನ ಹುಲಿಯನ್ನು ತನ್ನ ರಾಜ್ಯದ ಗುರುತಾಗಿ ಬಳಸಿದಷ್ಟು ಪಟ್ಟುಹಿಡಿದು ಇನ್ನಾರೂ ಬಳಸಿದಂತೆ ಕಾಣುವುದಿಲ್ಲ. ಸಿಂಹಾಸನದಲ್ಲಿ ಹುಲಿಯ ತಲೆ, ಫಿರಂಗಿಯ ಬಾಯಲ್ಲಿ ಹುಲಿಯ ಮುಖ, ಸೈನಿಕರ ಅಂಗಿಯ ಮೇಲೆ ಹುಲಿಯ ಪಟ್ಟೆ. ಎಲ್ಲಕ್ಕೂ ಮಿಗಿಲಾಗಿ, ಬಿದ್ದ ಐರೋಪ್ಯನ ಕುತ್ತಿಗೆಗೆ ಬಾಯಿಹಾಕಿರುವ ಆ ಮರದ ಯಂತ್ರದ ಹುಲಿ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅದನ್ನು ಲಂಡನ್ನಿಗೆ ಸಾಗಿಸಿ, 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಸಾರ್ವಜನಿಕರಿಗೆ ತೋರಿಸಿದರು. ಇಂದು ಅದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಸಿಂಹ ಮತ್ತು ಹುಲಿಯನ್ನು ಒಂದೇ ಚೌಕಟ್ಟಿನೊಳಗೆ ಹಾಕಿದ್ದು ಆ ಗೆಲುವಿಗಾಗಿ ಹೊಡೆಸಿದ ಪದಕ. ಕುಕ್ಲರ್ ಎಂಬ ಕಲಾವಿದ ಅಚ್ಚು ಕೆತ್ತಿದ. ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೋಲ್ಟನ್ನನ ಟಂಕಸಾಲೆ ಅದನ್ನು ಮುದ್ರಿಸಿತು. ಸಿಂಹ ಹುಲಿಯನ್ನು ನೆಲಕ್ಕೆ ಒತ್ತಿ ಹಿಡಿದಿದೆ, ಹಿಂದೆ ಬ್ರಿಟಿಷ್ ಧ್ವಜ ಹಾರುತ್ತಿದೆ. ಆ ಧ್ವಜದ ಪಟ್ಟಿಯ ಮೇಲೆ ಇರುವ ಅರಬ್ಬಿ ಬರಹವನ್ನು ಗಮನಿಸಬೇಕು: ಅಸದುಲ್ಲಾಹ್ ಅಲ್ ಘಾಲಿಬ್, ಎಂದರೆ ದೇವರ ಜಯಶಾಲಿ ಸಿಂಹ. ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಯ ಮುಖದ ಆಕಾರದಲ್ಲಿ ಬರೆಸುತ್ತಿದ್ದ ಮಾತೇ ಅದು. ಗೆದ್ದವರು ಸೋತವನ ಕೋಟೆಯನ್ನು ಮಾತ್ರವಲ್ಲದೆ ಅವನ ಬಿರುದನ್ನೂ ಕಿತ್ತುಕೊಂಡು ತಮ್ಮ ಸಿಂಹಕ್ಕೆ ಕಟ್ಟಿದರು. ಈ ಪದಕ ಕಂಪನಿಯ ಪರವಾಗಿ ಹೋರಾಡಿದ ಭಾರತೀಯ ಸಿಪಾಯಿಗಳ ಕೈಗೂ ಬಂತು ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಅಚ್ಚುಚಿತ್ರಗಳ ಮಾತಿಗೆ ಬರುತ್ತೇನೆ. 1800ರಲ್ಲಿ ರಾಬರ್ಟ್ ಕರ್ ಪೋರ್ಟರ್ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ಜನ ಹಣ ಕೊಟ್ಟು ನೋಡಿದರು. ಬಳಿಕ ವೆಂಡ್ರಮಿನಿ ಅದನ್ನು ತಾಮ್ರದ ಫಲಕಗಳಿಗೆ ಇಳಿಸಿ ಅಚ್ಚು ತೆಗೆದ. ಮುತ್ತಿಗೆಯ ಮುಂದಾಳು ಡೇವಿಡ್ ಬೇರ್ಡ್, ಮೈಸೂರಿನವರು ಗೆದ್ದ 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು ಇದೇ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಬಂದಿಯಾಗಿದ್ದವನು. ಹಾಗಾಗಿ ಆ ಚಿತ್ರಗಳನ್ನು ಕೊಂಡವರ ಕಣ್ಣಿಗೆ ಅದು ಒಂದು ಕೋಟೆ ಬಿದ್ದ ಸಂಗತಿಯಷ್ಟೇ ಆಗಿರದೆ, ಹಳೆಯ ಅವಮಾನವೊಂದರ ತೀರುವಳಿಯಾಗಿಯೂ ಕಂಡಿರಬೇಕು.

ಟಿಪ್ಪುವೂ ಚಿತ್ರದ ಬಲವನ್ನು ಅರಿತಿದ್ದ. ಶ್ರೀರಂಗಪಟ್ಟಣದ ತನ್ನ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧವಿದೆ: ಚೌಕದ ವ್ಯೂಹ ಕಟ್ಟಿ ನಿಂತ ಕೆಂಪು ಅಂಗಿಯವರ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಅವರ ದಳಪತಿ ಕರ್ನಲ್ ಬೇಲಿ, ಅವನ ಪಕ್ಕದಲ್ಲಿ ಸಿಡಿಯುತ್ತಿರುವ ಮದ್ದಿನ ಬಂಡಿ, ಸುತ್ತಲೂ ಕುದುರೆಯ ಮೇಲೆ ನಿರಾಳವಾಗಿ ಬರುತ್ತಿರುವ ಮೈಸೂರಿನವರು. ಗೋಡೆಯ ಚಿತ್ರದ ಬಳಿಗೆ ನಾವು ಹೋಗಬೇಕು. ಅಚ್ಚಿನ ಚಿತ್ರ ನಮ್ಮ ಮನೆಗೇ ಬರುತ್ತದೆ. ಸಾವಿರಾರು ಮೈಲಿ ದೂರದ ಜನರ ಮನಸ್ಸಿನಲ್ಲಿ ಲಂಡನ್ನಿನ ಚಿತ್ರಗಳು ನಿಂತದ್ದಕ್ಕೂ ಪೊಳ್ಳಿಲೂರಿನ ಚಿತ್ರ ಶ್ರೀರಂಗಪಟ್ಟಣದಲ್ಲೇ ಉಳಿದದ್ದಕ್ಕೂ ಇದೇ ಕಾರಣ.

ಸದಾಶಿವಪೇಠೆ ವಾಚಕ, ಪುಣೆ ಬರೆದಿದ್ದಾರೆ:

ಥಾಣೆಯವರ ಬರಹ ಬಹಳ ಚೆನ್ನಾಗಿದೆ, ಆದರೂ ನನ್ನದೊಂದು ತಕರಾರಿದೆ. ಪದಕದ ಹುಲಿಯನ್ನು ಕೆತ್ತಿದವರೂ, ಪಂಚ್ ಪತ್ರಿಕೆಯ ಹುಲಿಯನ್ನು ಬರೆದವರೂ, ಬೋರಿಬಂದರಿನ ಹುಲಿಯನ್ನು ಕೂರಿಸಿದವರೂ ಆಳುವವರೇ. ನಮ್ಮವರ ಕೈಗೆ ಅಚ್ಚಿನ ಯಂತ್ರ ಬಂದಾಗ ನಮ್ಮವರು ಏನು ಬರೆದರು ಎಂದು ಕೇಳದೆ ಈ ಚರ್ಚೆ ಮುಂದುವರಿಯಬಾರದು.

ನಾನಿರುವ ಪುಣೆಯಲ್ಲಿಯೇ 1878ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರು ಚಿತ್ರಶಾಲಾ ಮುದ್ರಣಾಲಯವನ್ನು ಆರಂಭಿಸಿದರು. ಅಲ್ಲಿಂದ ಹೊರಬಂದವು ರಾಮಪಂಚಾಯತನ, ಶಿವಾಜಿ ಮಹಾರಾಜರು, ನಾನಾ ಫಡ್ನವೀಸರು. ರಾಜಾ ರವಿವರ್ಮರ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ, ಬಳಿಕ ಲೋಣಾವಳೆಯ ಹತ್ತಿರದ ಮಳವಲಿಗೆ ಹೋಯಿತು. ಪುಣೆ ಲೋಕಲ್‌ನಲ್ಲಿ ಲೋಣಾವಳೆಗೆ ಹೋಗುವವರು ಇಂದಿಗೂ ಆ ನಿಲ್ದಾಣವನ್ನು ಹಾದು ಹೋಗುತ್ತಾರೆ. ಈ ಚಿತ್ರಗಳಲ್ಲಿ ರಾಷ್ಟ್ರಕ್ಕೆ ಬೇರೆಯ ಗುರುತಿರಲಿಲ್ಲ. ದೇವರು ಮತ್ತು ವೀರರೇ ಆ ಕೆಲಸವನ್ನು ಮಾಡುತ್ತಿದ್ದರು. ಸರ್ಕಾರದ ಕಣ್ಣಿಗೆ ಇದು ಬೀಳದೆ ಇರಲಿಲ್ಲ. ಖಾಡಿಲಕರರ ಕೀಚಕವಧ ನಾಟಕದಲ್ಲಿ ಕೀಚಕನೆಂದರೆ ವೈಸರಾಯ್ ಆಗಿದ್ದ ಕರ್ಜನ್, ಸೈರಂಧ್ರಿಯೆಂದರೆ ಭಾರತ ಎಂದು ಪ್ರೇಕ್ಷಕರೆಲ್ಲರಿಗೂ ತಿಳಿದಿತ್ತು, ಅದನ್ನು 1910ರಲ್ಲಿ ನಿಷೇಧಿಸಿದರು. ಅದೇ ವರ್ಷ ಹೊಸ ಪತ್ರಿಕಾ ಕಾಯ್ದೆಯೂ ಬಂತು. ನಾಟಕದಲ್ಲಿ ಹೀಗೆ ಓದಲು ಕಲಿತ ಕಣ್ಣು ಗೋಡೆಯ ಮೇಲಿನ ಸೈರಂಧ್ರಿಯ ಚಿತ್ರವನ್ನೂ ಹಾಗೆಯೇ ಓದಿರಲಾರದೆ?

ಯುದ್ಧದ ಚಿತ್ರವೆಂದರೆ ಫಿರಂಗಿ, ಧ್ವಜ ಎಂದು ಮಾತ್ರ ತಿಳಿಯಬಾರದೆಂಬುದು ನನ್ನ ಮನವಿ.

ಗೋರೆಗಾಂವ್ ಅಧ್ಯಾಪಕಿ ಬರೆದಿದ್ದಾರೆ:

ಕಲೆಯ ಇತಿಹಾಸವನ್ನು ಕಾಲೇಜಿನಲ್ಲಿ ಕಲಿಸುತ್ತಿದ್ದವಳಾದ್ದರಿಂದ ಎರಡು ಮಾತು ಸೇರಿಸುತ್ತೇನೆ.

ಡೊಂಬಿವಲಿಯವರ ಚಿತ್ರದಲ್ಲಿ ಹುಲಿಯ ಕಾಲಡಿ ಬಿದ್ದಿರುವ ಹೆಂಗಸನ್ನು ನಾವು ಬಿಟ್ಟುಬಿಡಬಾರದು. ಅಮೆರಿಕ 1917ರಲ್ಲಿ ಮಹಾಯುದ್ಧಕ್ಕೆ ಇಳಿದಾಗ ಹಾಪ್ಸ್ ಎಂಬಾತ ಸೈನ್ಯಭರ್ತಿಗೆಂದು ಬರೆದ ಭಿತ್ತಿಪತ್ರ ಒಂದಿದೆ. ಜರ್ಮನ್ ಶಿರಸ್ತ್ರಾಣ ತೊಟ್ಟ ದೈತ್ಯ ಗೊರಿಲ್ಲಾ ಒಂದು ಕೈಯಲ್ಲಿ ರಕ್ತಸಿಕ್ತ ಗದೆಯನ್ನು, ಇನ್ನೊಂದು ತೋಳಿನಲ್ಲಿ ಸೋತ ಹೆಂಗಸನ್ನು ಹಿಡಿದು ಅಮೆರಿಕದ ದಡಕ್ಕೆ ಕಾಲಿಟ್ಟಿದೆ. ಅರುವತ್ತು ವರ್ಷಗಳ ಅಂತರ, ಬೇರೆ ಖಂಡ, ಬೇರೆ ಶತ್ರು. ಆದರೂ ಮೃಗ, ಹೆಂಗಸು, ರಕ್ಷಿಸಲು ಬರಬೇಕಾದ ಗಂಡಸು ಎಂಬ ಹೂರಣ ಮಾತ್ರ ಅದೇ. 1857ರಲ್ಲಿ ಭಾರತೀಯರಿಗೆ ತೊಡಿಸಿದ ಚರ್ಮವನ್ನೇ 1917ರಲ್ಲಿ ಜರ್ಮನರಿಗೆ ತೊಡಿಸಿದರು. ಮೃಗದ ಜಾಗ ಸದಾ ಖಾಲಿಯಿರುತ್ತದೆ, ಆ ಕಾಲದ ಶತ್ರುವನ್ನು ಅಲ್ಲಿ ತಂದು ಕೂರಿಸುತ್ತಾರೆ.

ತನ್ನ ಕಡೆಯವರನ್ನು ತೋರಿಸುವಾಗ ಯುರೋಪು ಹೆಚ್ಚಾಗಿ ಹೆಣ್ಣಿನ ಆಕೃತಿಗೆ ಮೊರೆಹೋಯಿತು. ಬ್ರಿಟಾನಿಯಾ ಎಂಬವಳು ರೋಮನ್ನರ ನಾಣ್ಯದಲ್ಲಿ ಸೋತ ಸೀಮೆಯ ಗುರುತಾಗಿದ್ದಳು. 1672ರಲ್ಲಿ ಎರಡನೇ ಚಾರ್ಲ್ಸ್ ಅವಳನ್ನು ಇಂಗ್ಲೆಂಡಿನ ತಾಮ್ರದ ನಾಣ್ಯಕ್ಕೆ ಮರಳಿ ತಂದ. ನೌಕಾಬಲದ ಹೆಮ್ಮೆ ಏರಿದಾಗ, 1797ರಲ್ಲಿ, ಅವಳ ಈಟಿ ತ್ರಿಶೂಲವಾಯಿತು. ಸೋತವಳಾಗಿ ಹುಟ್ಟಿದವಳು ಸಮುದ್ರದ ಒಡತಿಯಾದಳು. ಥಾಣೆಯವರು ಹುಲಿಯ ಬಗ್ಗೆ ಹೇಳಿದ ಮಾತನ್ನು ಇದರೊಂದಿಗೆ ಇಟ್ಟು ನೋಡಿ.

ಬ್ರಿಟಾನಿಯಾಳ ಕೈಯಲ್ಲಿ ಆಯುಧವಿದೆ. 1905ರಲ್ಲಿ, ಬಂಗಾಳದ ವಿಭಜನೆಯ ಹೊತ್ತಿನಲ್ಲಿ, ಅವನೀಂದ್ರನಾಥ ಠಾಕೂರರು ಬರೆದ ಭಾರತಮಾತೆಯ ನಾಲ್ಕು ಕೈಗಳಲ್ಲಿ ಇರುವುದೇನು? ಪುಸ್ತಕ, ಭತ್ತದ ತೆನೆ, ಬಿಳಿಯ ಬಟ್ಟೆ, ಜಪಮಾಲೆ. ಅನ್ನ, ಬಟ್ಟೆ, ವಿದ್ಯೆ, ದೀಕ್ಷೆ. ಒಂದು ಚಾಕು ಕೂಡ ಇಲ್ಲ. ಅವಳ ಪಕ್ಕಕ್ಕೆ ಸಿಂಹ, ಕೈಗೆ ಧ್ವಜ ಮತ್ತು ತ್ರಿಶೂಲ ಬಂದದ್ದು ಆಮೇಲಿನ ಬಜಾರು ಚಿತ್ರಗಳಲ್ಲಿ. ಆ ಮೊದಲ ಚಿತ್ರದ ಮುಂದೆ ನಾನು ವಿದ್ಯಾರ್ಥಿಗಳನ್ನು ಪ್ರತಿ ವರ್ಷವೂ ಬಹಳ ಹೊತ್ತು ನಿಲ್ಲಿಸುತ್ತಿದ್ದೆ.

ಹೊಸ ಸದಸ್ಯ, ಕಾಂದಿವಲಿ ಬರೆದಿದ್ದಾರೆ:

ಅಧ್ಯಾಪಕಿ ಮೇಡಂ, ಮೊದಲ ಮಹಾಯುದ್ಧದಲ್ಲಿ ಹದಿಮೂರು ಲಕ್ಷದಷ್ಟು ಭಾರತೀಯರು ಸೇವೆಗೆ ಹೋದರೆಂದು ಓದಿದ್ದೇನೆ. ಅವರನ್ನು ಕರೆಯಲು ಬಳಸಿದ ಚಿತ್ರಗಳಲ್ಲಿ ಬ್ರಿಟಾನಿಯಾ ಇದ್ದಳೇ, ಭಾರತಮಾತೆ ಇದ್ದಳೇ?

ಗೋರೆಗಾಂವ್ ಅಧ್ಯಾಪಕಿ ಬರೆದಿದ್ದಾರೆ:

ಬಹಳ ಮುಖ್ಯವಾದ ಪ್ರಶ್ನೆ ಕೇಳಿದ್ದೀರಿ. ಇಂಗ್ಲೆಂಡಿನವರಿಗೆ ತೋರಿಸಿದ್ದು ಯುದ್ಧಮಂತ್ರಿ ಲಾರ್ಡ್ ಕಿಚ್ನರನ ಮುಖ ಮತ್ತು ನೋಡುವವನತ್ತ ತೋರುವ ಬೆರಳು. 1914ರ ಸೆಪ್ಟೆಂಬರ್ 5ರ ಲಂಡನ್ ಒಪಿನಿಯನ್ ವಾರಪತ್ರಿಕೆಗೆ ಆಲ್ಫ್ರೆಡ್ ಲೀಟ್ ಬರೆದದ್ದು. ಈ ಕಿಚ್ನರ್ 1902ರಿಂದ 1909ರವರೆಗೆ ಭಾರತದ ಸೇನಾಧಿಪತಿಯಾಗಿದ್ದವನು. ಅದೇ ಬೆರಳನ್ನು 1917ರಲ್ಲಿ ಜೇಮ್ಸ್ ಮಾಂಟ್ಗಮರಿ ಫ್ಲ್ಯಾಗ್ ಅಮೆರಿಕದ ಗುರುತಾದ ಅಂಕಲ್ ಸ್ಯಾಮ್‌ಗೆ ಕೊಟ್ಟ. ಎರಡು ವರ್ಷಗಳಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಚ್ಚಾದವು. ಫ್ರಾನ್ಸಿನವರು ಚಿನ್ನ ಕೇಳಿದಾಗ, ಆಬೆಲ್ ಫೈವ್ರ್ 1915ರ ಭಿತ್ತಿಪತ್ರದಲ್ಲಿ ನಾಣ್ಯದ ಮೇಲಿನ ಹುಂಜವೇ ಜೀವ ತಳೆದು ಜರ್ಮನ್ ಸೈನಿಕನ ಮೇಲೆ ಹಾರುವಂತೆ ಬರೆದ.

ಭಾರತದ ಹಳ್ಳಿಗಳಿಗೆ ಹೋದ ಒಂದು ಭಿತ್ತಿಪತ್ರದಲ್ಲಿ ಯಾವ ದೇವಿಯೂ ಪ್ರಾಣಿಯೂ ಇಲ್ಲ. ಒಂದು ಸಮವಸ್ತ್ರ, ಒಂದು ಬಂದೂಕು, ಹಣ. ಈ ಹಣ, ಬಂದೂಕು ಮತ್ತು ವರ್ದಿಯನ್ನು ಯಾರು ಪಡೆಯುತ್ತಾರೆ, ಕೂಡಲೇ ಭರ್ತಿಯಾಗುವವನೇ ಎಂಬ ಅರ್ಥದ ಬರಹ. ಆಳುವವರಿಗೆ ಇಲ್ಲಿ ರಾಷ್ಟ್ರದ ಗುರುತನ್ನು ಬಳಸಲು ಧೈರ್ಯವಿರಲಿಲ್ಲವೆಂದು ನಾನು ಭಾವಿಸುತ್ತೇನೆ. ತಾಯಿಯನ್ನು ತೋರಿಸಿ ಮಗನನ್ನು ಕರೆದರೆ, ತಾಯಿಯನ್ನು ಕಟ್ಟಿಹಾಕಿದವರು ಯಾರೆಂದು ಮಗ ಕೇಳಿಯಾನು.

ಸದಾಶಿವಪೇಠೆ ವಾಚಕ, ಪುಣೆ ಬರೆದಿದ್ದಾರೆ:

ಮೇಡಂ, ಪೂರ್ತಿ ಹಾಗೆ ಹೇಳಲಾಗದು. ಅದೇ ಕಾಲದ ಉರ್ದು ಭಿತ್ತಿಪತ್ರವೊಂದರಲ್ಲಿ ಈ ಸಿಪಾಯಿ ಹಿಂದೂಸ್ತಾನವನ್ನು ಕಾಯುತ್ತಿದ್ದಾನೆ, ತನ್ನ ಮನೆ ಮತ್ತು ಮನೆಯವರನ್ನು ಕಾಯುತ್ತಿದ್ದಾನೆ ಎಂಬ ಮಾತಿದೆ. ದೇಶದ ಹೆಸರನ್ನು ಎತ್ತಿದ್ದಾರೆ.

ಗೋರೆಗಾಂವ್ ಅಧ್ಯಾಪಕಿ ಬರೆದಿದ್ದಾರೆ:

ಒಪ್ಪುತ್ತೇನೆ, ನನ್ನ ಮಾತು ಅಷ್ಟರ ಮಟ್ಟಿಗೆ ಬಿಗಿಯಾಯಿತು. ಆದರೂ ದೇಶದ ಹೆಸರು ಹೇಳಿದ ಕೂಡಲೇ ಆ ಬರಹ ಮನೆಗೆ, ಮನೆಯವರಿಗೆ ಇಳಿಯುತ್ತದೆ ಎಂಬುದನ್ನು ನೋಡಿ. ಹಿಂದೂಸ್ತಾನಕ್ಕೆ ಒಂದು ಮುಖ ಕೊಡದೆ ಹೆಸರಿನಲ್ಲೇ ನಿಲ್ಲಿಸಿದ್ದಾರೆ.

ಮೀರಾ ರೋಡಿನ ಮುದ್ರಕ ಬರೆದಿದ್ದಾರೆ:

ನಾನು ಗಿರಗಾಂವಿನ ಒಂದು ಮುದ್ರಣಾಲಯದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನು. ಚಿತ್ರದ ಅರ್ಥವನ್ನು ನೀವೆಲ್ಲ ಹೇಳಿದ್ದೀರಿ, ಚಿತ್ರ ಆಗುವ ಬಗೆಯನ್ನು ನಾನು ಹೇಳುತ್ತೇನೆ, ಏಕೆಂದರೆ ಗುರುತು ಯಾವುದಾಗಬೇಕೆಂಬುದನ್ನು ಯಂತ್ರವೂ ಸ್ವಲ್ಪ ನಿರ್ಧರಿಸುತ್ತದೆ.

ಕಲ್ಲಚ್ಚಿನ ಕಲ್ಲು ಬರುತ್ತಿದ್ದುದು ಜರ್ಮನಿಯ ಬವೇರಿಯಾದಿಂದ. ನೀರೂ ಜಿಡ್ಡೂ ಕೂಡುವುದಿಲ್ಲವೆಂಬ ಒಂದೇ ಸಂಗತಿಯ ಮೇಲೆ ಆ ಕೆಲಸವೆಲ್ಲ ನಿಂತಿದೆ. ನಯಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ಗೋಂದು ಮತ್ತು ಆಮ್ಲ ಸವರಿ, ಒದ್ದೆ ಮಾಡಿ, ಮಸಿಯ ರೋಲರು ಉರುಳಿಸಿದರೆ ಗೆರೆಗೆ ಮಾತ್ರ ಮಸಿ ಹಿಡಿಯುತ್ತದೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಹತ್ತು ಬಣ್ಣವೆಂದರೆ ಒಂದೇ ಕಾಗದವನ್ನು ಹತ್ತು ಬಾರಿ, ಕೂದಲೆಳೆಯಷ್ಟೂ ಸರಿಯದಂತೆ ಕೂರಿಸಬೇಕು. ಯುದ್ಧದ ಕಾಲದಲ್ಲಿ ಅಷ್ಟು ಪುರುಸೊತ್ತು ಎಲ್ಲಿರುತ್ತದೆ? ಹಾಗಾಗಿ ನಾಲ್ಕಾರು ಬಣ್ಣದಲ್ಲಿ, ದಪ್ಪ ಗೆರೆಯಲ್ಲಿ, ಹತ್ತು ಮಾರು ದೂರದಿಂದಲೂ ತಿಳಿಯುವ ಆಕಾರವೇ ಬೇಕಾಗುತ್ತದೆ. ಹುಂಜ, ಹುಲಿ, ಕರಡಿ, ಧ್ವಜ, ತೋರುವ ಬೆರಳು ಇವೆಲ್ಲ ಉಳಿದುಕೊಂಡದ್ದಕ್ಕೆ ಇದೂ ಒಂದು ಕಾರಣ.

ಜಪಾನಿನವರು 1894-95ರಲ್ಲಿ ಚೀನಾದೊಂದಿಗೆ ಯುದ್ಧ ಮಾಡಿದಾಗ ಮರದಚ್ಚಿನಲ್ಲಿಯೇ ಕೆಲಸ ಮಾಡಿದರು. ಕೊಬಯಾಶಿ ಕಿಯೊಚಿಕನ ಚಿತ್ರಗಳಲ್ಲಿ ಜಪಾನೀ ಸೈನಿಕರೆಲ್ಲ ಐರೋಪ್ಯ ಮಾದರಿಯ ಕಪ್ಪು ಸಮವಸ್ತ್ರದಲ್ಲಿ ನೆಟ್ಟಗೆ ನಿಂತಿರುತ್ತಾರೆ. ಚೀನೀಯರು ಬಣ್ಣಬಣ್ಣದ ಹಳೆಯ ಉಡುಪಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬೀಳುತ್ತಿರುತ್ತಾರೆ. ಉದಯಸೂರ್ಯನ ಧ್ವಜ ಇದ್ದರೂ, ದೇಶವನ್ನು ಹೇಳುತ್ತಿರುವುದು ಅಂಗಿಯೂ ನಿಲುವೂ.

ಡೊಂಬಿವಲಿಯವರಿಗೆ ಒಂದು ಮಾತು. ನಿಮ್ಮ ಚಿತ್ರವನ್ನು ಭೂತಗನ್ನಡಿಯಿಂದ ನೋಡಿ. ಪಂಚ್ ಪತ್ರಿಕೆಯದು ಮರದಲ್ಲಿ ಕೆತ್ತಿದ ಅಚ್ಚು, ಆದ್ದರಿಂದ ಶುದ್ಧ ಕಪ್ಪು ಗೆರೆಗಳು ಮಾತ್ರ ಇರಬೇಕು. ಸಾಲುಸಾಲಾಗಿ ಸಣ್ಣ ಚುಕ್ಕೆಗಳು ಕಂಡರೆ ಅದು ಇತ್ತೀಚಿನ ಆಫ್‌ಸೆಟ್ ಪಡಿಯಚ್ಚು.

ಡೊಂಬಿವಲಿ ಪ್ರಯಾಣಿಕ ಬರೆದಿದ್ದಾರೆ:

ನೋಡಿದೆ. ಚುಕ್ಕೆಗಳೇ ಇವೆ. ಅಂಗಡಿಯವರು ಅಸಲಿ ಎಂದು ಹೇಳಿ ತೆಗೆದುಕೊಂಡ ಹಣಕ್ಕೆ ಬೇಸರವಾಗಿದೆ, ಆದರೆ ಚಿತ್ರ ನನ್ನನ್ನು ಇಷ್ಟು ದೂರ ಕರೆತಂದಿರುವುದರಿಂದ ಅದನ್ನು ಗೋಡೆಯಿಂದ ಇಳಿಸುವುದಿಲ್ಲ.

ನಿಮ್ಮೆಲ್ಲರ ಮಾತುಗಳನ್ನು ಕೂಡಿಸಿದಾಗ ನನಗೆ ಹೊಳೆದದ್ದನ್ನು ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಸುಭಾಷಚಂದ್ರ ಬೋಸರ ಪ್ರೇರಣೆಯಿಂದ ಜರ್ಮನಿಯಲ್ಲಿ ಕಟ್ಟಿದ ಭಾರತೀಯ ದಳದವರು ತೋಳಿನ ಮೇಲೆ ಧರಿಸಿದ ಬಿಲ್ಲೆಯಲ್ಲಿ ಕೇಸರಿ, ಬಿಳಿ, ಹಸಿರಿನ ಮೇಲೆ ಜಿಗಿಯುತ್ತಿರುವ ಹುಲಿಯಿದೆ. ಪದಕದಲ್ಲಿ ಅಡಿಯಾಗಿ ಬಿದ್ದಿದ್ದ ಹುಲಿ ಇಲ್ಲಿ ಎದ್ದು ಹಾರಿದೆ. 1950ರ ಜನವರಿ 26ರಂದು ಸಾರನಾಥದ ಅಶೋಕಸ್ತಂಭದ ಸಿಂಹಗಳು ನಮ್ಮ ಸರ್ಕಾರದ ಮುದ್ರೆಯಾದವು. ಭಾರತಮಾತೆಯ ಪಕ್ಕದಲ್ಲಿ ನಿಂತ ಸಿಂಹವೂ ದುರ್ಗೆಯ ಕಡೆಯಿಂದ ಬಂದದ್ದೇ. 1970ರ ದಶಕದ ಆರಂಭದಲ್ಲಿ ಹುಲಿ ರಾಷ್ಟ್ರಪ್ರಾಣಿಯೂ ಆಯಿತು. ಬೋರಿಬಂದರಿನ ಬಾಗಿಲಲ್ಲಿ ಬ್ರಿಟನ್ ಎಂದು ಕೂರಿಸಿದ ಪ್ರಾಣಿಯೂ ಭಾರತ ಎಂದು ಕೂರಿಸಿದ ಪ್ರಾಣಿಯೂ ಎರಡೂ ಈಗ ನಮ್ಮವೇ. ಮೊಮ್ಮಗಳಿಗೆ ಹೀಗೆ ಹೇಳಿದರೆ ತಪ್ಪಾಗದು ತಾನೆ, ಥಾಣೆಯವರೇ?

ಮಂಡ್ಯದವನು, ಈಗ ಥಾಣೆ ಬರೆದಿದ್ದಾರೆ:

ತಪ್ಪಾಗದು. ಹುಲಿ ಲಂಡನ್ನಿಗೆ ಹೋಗುವ ಮೊದಲು ಕಾವೇರಿಯ ನೀರು ಕುಡಿದಿತ್ತೆಂಬುದನ್ನೂ ಹೇಳಿ.

ಮಡಗಾಂವ್ ಕನ್ನಡತಿ, ಗೋವಾ ಬರೆದಿದ್ದಾರೆ:

ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯುತ್ತಿದ್ದೇನೆ. ಬಜಾರು ಚಿತ್ರಗಳ ಮಾತು ಬಂದರೂ ಕ್ಯಾಲೆಂಡರನ್ನು ಯಾರೂ ಹೆಸರಿಸಲಿಲ್ಲ. ಸ್ವಾತಂತ್ರ್ಯಾನಂತರ ಯುದ್ಧದ ಕಾಲದ ಚಿತ್ರಗಳು ನಮ್ಮ ಮನೆಗಳಿಗೆ ಬಂದದ್ದು ಅದರ ಮೂಲಕವೇ. ಮುಂಬಯಿಯಲ್ಲಿ ಆ ಕಲೆಯನ್ನು ಎತ್ತರಕ್ಕೆ ಒಯ್ದವರಲ್ಲಿ ಎಸ್. ಎಂ. ಪಂಡಿತರು ನಮ್ಮ ಕಲಬುರಗಿಯವರು, ರಘುವೀರ ಮುಳಗಾಂವಕರರು ಗೋವಾದ ಅಸ್ನೋಡೆಯವರು. ಅವರು ರೂಢಿಗೆ ತಂದ ಮೈಬಣ್ಣ, ಕಣ್ಣಿನ ಹೊಳಪು, ಹಿನ್ನೆಲೆಯ ಮುಗಿಲು ಆಮೇಲೆ ಬಂದವರೆಲ್ಲರಿಗೂ ಮಾದರಿಯಾಯಿತು.

ನನ್ನ ಅಜ್ಜಿಯ ಹುಬ್ಬಳ್ಳಿಯ ಮನೆಯಿಂದ ತಂದ ಒಂದು ಕ್ಯಾಲೆಂಡರಿನ ಚಿತ್ರ ನನ್ನ ಬಳಿ ಇದೆ. 1965ರ ಯುದ್ಧದ ನಂತರದ್ದು, ಶಾಸ್ತ್ರೀಜಿಯವರ ಜೈ ಜವಾನ್ ಜೈ ಕಿಸಾನ್ ಘೋಷಣೆ ಕೆಳಗಿದೆ. ಎಡಕ್ಕೆ ಬಂದೂಕು ಹಿಡಿದ ಯೋಧ, ಬಲಕ್ಕೆ ನೇಗಿಲು ಹೊತ್ತ ರೈತ, ನಡುವೆ ಭಾರತಮಾತೆ, ಅವಳ ಹಿಂದೆ ಸಿಂಹ. ಮೇಲೂ ಕೆಳಗೂ ತಗಡಿನ ಪಟ್ಟಿ. ತಾರೀಖಿನ ಹಾಳೆಗಳು ಹರಿದು ಹೋದ ಮೇಲೂ ಅಜ್ಜಿ ಅದನ್ನು ಗೋಡೆಯಿಂದ ತೆಗೆಯಲಿಲ್ಲ. ದೇವರ ಚಿತ್ರಗಳ ಸಾಲಿಗೆ ಸೇರಿಸಿದರು. ಪ್ರತಿ ಶುಕ್ರವಾರ ಭಾರತಮಾತೆಯ ಹಣೆಗೆ ಕುಂಕುಮವಿಡುತ್ತಿದ್ದರು. ಹಣೆಯ ಜಾಗದಲ್ಲಿ ಕಾಗದ ಕೆಂಪಾಗಿ ತುಸು ಸವೆದಿದೆ. ಸೋದರಮಾವ ಸೈನ್ಯದಲ್ಲಿದ್ದ ವರ್ಷಗಳಲ್ಲಿ ಯೋಧನ ಹಣೆಗೂ ಇಟ್ಟಿದ್ದಾರೆ. ಅಲ್ಲಿಯೂ ಒಂದು ಮಾಸಿದ ಚುಕ್ಕೆ ಇದೆ. ರೈತನ ಹಣೆಗೆ ಯಾರೂ ಇಟ್ಟಿಲ್ಲ, ಅಜ್ಜನೇ ರೈತರಾಗಿದ್ದರೂ.

ಮಳೆಗಾಲದಲ್ಲಿ ಇಲ್ಲಿ ತೇವ ವಿಪರೀತ. ತಗಡಿನ ಪಟ್ಟಿ ತುಕ್ಕು ಹಿಡಿದು ಕಾಗದಕ್ಕೆ ಕಲೆ ಇಳಿಯುತ್ತಿದೆ. ಲ್ಯಾಮಿನೇಷನ್ ಮಾಡಿಸಲೇ ಎಂದು ಮುದ್ರಕರನ್ನು ಕೇಳುತ್ತೇನೆ.

ಮೀರಾ ರೋಡಿನ ಮುದ್ರಕ ಬರೆದಿದ್ದಾರೆ:

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ತಾಯಿ. ಬಿಸಿಗೆ ಹಳೆಯ ಮಸಿ ಕೆಡುತ್ತದೆ, ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಬಿಡಿಸಲಾಗುವುದಿಲ್ಲ. ತಗಡಿನ ಪಟ್ಟಿಯ ಮಡಿಕೆಯನ್ನು ಮೆಲ್ಲಗೆ ಬಿಚ್ಚಿ ತೆಗೆಯಿರಿ. ಕಾಗದವನ್ನು ಎಳೆಯಬೇಡಿ, ತಗಡನ್ನು ಬಗ್ಗಿಸಿ. ಆಮ್ಲವಿಲ್ಲದ ಕಾಗದದ ನಡುವೆ ಚಪ್ಪಟೆಯಾಗಿ ಇಟ್ಟು, ಗಾಳಿಯಾಡುವ ಒಣ ಕಪಾಟಿನಲ್ಲಿರಿಸಿ, ಗೋಡೆಗೆ ತಾಗುವ ಕಪಾಟು ಬೇಡ. ಗಾಜು ಹಾಕಿಸುವುದಾದರೆ ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ, ಬಿಸಿಲು ಬೀಳದ ಗೋಡೆಯಲ್ಲಿ ತೂಗುಹಾಕಿ.

ತುಕ್ಕಿನ ಕಲೆಯನ್ನು ನೀವಾಗಿ ತೊಳೆಯಲು ಹೋಗಬೇಡಿ, ಕಾಗದದ ಕೆಲಸ ಬಲ್ಲವರಿಗೆ ತೋರಿಸಿ. ಅವರ ಕೈಗೆ ಕೊಡುವಾಗ ಹಣೆಯ ಮೇಲಿನ ಕುಂಕುಮವನ್ನು ಮುಟ್ಟಕೂಡದೆಂದು ಚೀಟಿಯಲ್ಲಿ ಬರೆದು ಕೊಡಿ. ಎರಡೂ ಹಣೆಯದು.